'ಇಂದ' ಮತ್ತು 'ಗೆ': ಹುಸಿ ಕರೆಯನ್ನು ಪಠ್ಯವಾಗಿ ಓದುವ ಬಗೆ

ಪತ್ರಲೇಖನದ ಪಾಠವನ್ನು ಪ್ರೌಢಶಾಲೆಯಲ್ಲಿ ಕಲಿತವರಿಗೆಲ್ಲ 'ಇಂದ' ಮತ್ತು 'ಗೆ' ಎಂಬ ಎರಡು ಪ್ರತ್ಯಯಗಳ ಸ್ಥಾನ ನೆನಪಿರುತ್ತದೆ. ಕಳುಹಿಸುವವರ ವಿಳಾಸದ ತಲೆಯಲ್ಲಿ 'ಇಂದ', ಪಡೆಯುವವರ ವಿಳಾಸದ ತಲೆಯಲ್ಲಿ 'ಗೆ'. ಹಾಳೆಯ ಮೇಲೆ ಇವೆರಡೂ ಸಮಾನವಾಗಿ ಕಾಣುತ್ತವೆ. ಆದರೆ ಅಂಚೆಯ ವ್ಯವಸ್ಥೆಗೆ ಇವೆರಡರ ತೂಕ ಒಂದೇ ಅಲ್ಲ. ಲಕೋಟೆಯ ಮೇಲಿನ 'ಗೆ' ತಪ್ಪಾದರೆ ಪತ್ರ ತಲುಪುವುದಿಲ್ಲ. 'ಇಂದ' ತಪ್ಪಾಗಿದ್ದರೂ, ಬೇಕೆಂದೇ ಸುಳ್ಳು ಬರೆದಿದ್ದರೂ, ಪತ್ರ ತಲುಪಿಯೇ ತಲುಪುತ್ತದೆ. ಕಳುಹಿಸಿದವರು ಯಾರೆಂಬುದನ್ನು ಅಂಚೆಯಣ್ಣ ಪರೀಕ್ಷಿಸುವುದಿಲ್ಲ. ಪರೀಕ್ಷಿಸಬೇಕಾದ ಅಗತ್ಯವೂ ಅವನಿಗಿಲ್ಲ.

ದೂರವಾಣಿ ಕರೆಯ ರಚನೆಯೂ ಹೀಗೆಯೇ ಇದೆ. ನಾವು ಒತ್ತುವ ಸಂಖ್ಯೆ 'ಗೆ'. ಅದರ ಒಂದು ಅಂಕೆ ತಪ್ಪಿದರೂ ಕರೆ ಬೇರೆಲ್ಲಿಗೋ ಹೋಗುತ್ತದೆ. ಕರೆ ಬಂದಾಗ ಪರದೆಯ ಮೇಲೆ ಮೂಡುವ ಸಂಖ್ಯೆ 'ಇಂದ'. ಅದನ್ನು ನಮ್ಮ ಫೋನು ಕಂಡುಹಿಡಿದದ್ದಲ್ಲ. ಕರೆ ಹೊರಟ ಕಡೆಯ ಜಾಲವು ಕರೆಯ ಜೊತೆಯಲ್ಲಿ ಕಳುಹಿಸಿದ ಮಾಹಿತಿಯೊಂದನ್ನು ಅದು ಇದ್ದಂತೆಯೇ ತೋರಿಸುತ್ತದೆ, ಅಷ್ಟೇ. ದೂರವಾಣಿ ಜಾಲಗಳು ಕೆಲವೇ ಸಂಸ್ಥೆಗಳ ಕೈಯಲ್ಲಿದ್ದ ಕಾಲದಲ್ಲಿ ಈ ಪದ್ಧತಿ ರೂಪುಗೊಂಡಿತು. ಆಗ ಒಂದು ಜಾಲವು ಇನ್ನೊಂದನ್ನು ನಂಬುವುದು ಸಹಜವಾಗಿತ್ತು. ಅಂತರ್ಜಾಲದ ಮೂಲಕ ಕರೆ ಮಾಡುವ ತಂತ್ರ ಬಂದ ಮೇಲೆ ಆ ಮಾಹಿತಿಯ ಜಾಗದಲ್ಲಿ ಇಷ್ಟಬಂದ ಸಂಖ್ಯೆಯನ್ನು ತುಂಬುವುದು ಸುಲಭವಾಯಿತು. ಇದನ್ನೇ ಸ್ಪೂಫಿಂಗ್ ಎನ್ನುತ್ತಾರೆ. ಹೊರದೇಶದಿಂದ ಹೊರಟ ಕರೆ +91ರ ಸಂಖ್ಯೆಯಾಗಿ ಕಾಣಿಸಿಕೊಳ್ಳಬಹುದು. ಪೊಲೀಸ್ ಠಾಣೆಯ ಅಥವಾ ಬ್ಯಾಂಕಿನ ಶಾಖೆಯ ಸಂಖ್ಯೆಯನ್ನೇ ಹೊತ್ತು ಬರಬಹುದು. ಮನೆಯವರ ಸಂಖ್ಯೆಯನ್ನು ತುಂಬಿದ್ದರೆ ನಮ್ಮ ಫೋನು ತನ್ನಲ್ಲಿ ಉಳಿಸಿಕೊಂಡಿರುವ 'ಅಪ್ಪ' ಎಂಬ ಹೆಸರನ್ನೂ ಭಾವಚಿತ್ರವನ್ನೂ ತಾನಾಗಿಯೇ ಸೇರಿಸಿ ತೋರಿಸುತ್ತದೆ. ಅಂದರೆ ಸುಳ್ಳಿಗೆ ಮುಖ ಕೊಡುವ ಕೆಲಸವನ್ನು ನಮ್ಮದೇ ಫೋನು ಮಾಡುತ್ತದೆ.

ಹೊರದೇಶದಿಂದ ಭಾರತದ ಸಂಖ್ಯೆ ಹೊತ್ತು ಬರುವ ಇಂತಹ ಕರೆಗಳನ್ನು ಗುರುತಿಸಿ ತಡೆಯುವ ವ್ಯವಸ್ಥೆಯೊಂದನ್ನು ಕೇಂದ್ರ ದೂರಸಂಪರ್ಕ ಇಲಾಖೆಯು 2024ರ ಅಕ್ಟೋಬರ್ 22ರಂದು ಆರಂಭಿಸಿತು. ಮೊದಲ 24 ಗಂಟೆಗಳಲ್ಲೇ ಸುಮಾರು 1.35 ಕೋಟಿ ಕರೆಗಳನ್ನು ತಡೆದುದಾಗಿ ಇಲಾಖೆ ತಿಳಿಸಿತು. ಈ ಸಂಖ್ಯೆ ವ್ಯವಸ್ಥೆಯ ಯಶಸ್ಸನ್ನು ಹೇಳುವಷ್ಟೇ ಸ್ಪಷ್ಟವಾಗಿ, ಅದಕ್ಕೆ ಹಿಂದಿನ ದಿನದವರೆಗೆ ನಮ್ಮ ಪರದೆಗಳ ಮೇಲೆ ಏನು ಮೂಡುತ್ತಿತ್ತೆಂಬುದನ್ನೂ ಹೇಳುತ್ತದೆ. ವಂಚಕರು ಆ ಬಳಿಕ ಸುಮ್ಮನೆ ಕುಳಿತಿಲ್ಲ. ದೇಶದೊಳಗೇ ಹತ್ತಾರು ಸಿಮ್‌ಗಳನ್ನು ಒಂದೇ ಪೆಟ್ಟಿಗೆಯಲ್ಲಿ ಜೋಡಿಸಿ ಕರೆ ಹೊರಡಿಸುವುದು, ವಾಟ್ಸ್‌ಆಪ್ ಖಾತೆಗೆ ಪೊಲೀಸ್ ಲಾಂಛನ ಅಂಟಿಸಿ ವಿಡಿಯೊ ಕರೆ ಮಾಡುವುದು ಇವೆಲ್ಲ ಅದೇ ಸುಳ್ಳು 'ಇಂದ'ದ ಬೇರೆ ರೂಪಗಳು.

ಇಲ್ಲಿ ವ್ಯಾಕರಣದ ಒಂದು ಸೂಕ್ಷ್ಮವಿದೆ. 'ಇಂದ' ನಮ್ಮಲ್ಲಿ ತೃತೀಯಾ ವಿಭಕ್ತಿಯ ಪ್ರತ್ಯಯ. 'ಕತ್ತಿಯಿಂದ ಕಡಿದನು' ಎಂಬಲ್ಲಿ ಅದರ ಅರ್ಥ ಕರಣ, ಅಂದರೆ ಸಾಧನ. ಬಳಕೆಯಲ್ಲಿ ಅದು ಪಂಚಮಿಯ ಕೆಲಸವನ್ನೂ ಮಾಡುತ್ತದೆ. 'ಮರದಿಂದ ಹಣ್ಣು ಬಿತ್ತು' ಎಂಬಲ್ಲಿ ಅರ್ಥ ಅಪಾದಾನ, ಅಂದರೆ ಹೊರಟ ನೆಲೆ. 'ಠಾಣೆಯ ಸಂಖ್ಯೆಯಿಂದ ಕರೆ ಬಂತು' ಎಂದು ಹೇಳುವಾಗ ನಾವು ಅಪಾದಾನವನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತೇವೆ. ವಾಸ್ತವದಲ್ಲಿ ನಡೆದಿರುವುದು ಕರಣ ಮಾತ್ರ. ಆ ಸಂಖ್ಯೆಯನ್ನು ಸಾಧನವಾಗಿ ಬಳಸಲಾಗಿದೆ. ಕರೆ ಅಲ್ಲಿಂದ ಹೊರಟಿಲ್ಲ. ಒಂದೇ ಪ್ರತ್ಯಯ ಎರಡು ಅರ್ಥಗಳನ್ನು ಹೊತ್ತಿರುವ ಆ ಸಣ್ಣ ಸಂದಿಯಲ್ಲಿಯೇ ಇಡೀ ವಂಚನೆ ನಿಂತಿದೆ.

ಆದುದರಿಂದ ಬಂದ ಕರೆಯ 'ಇಂದ' ಒಂದು ಹೇಳಿಕೆಯೇ ಹೊರತು ಸಾಕ್ಷ್ಯವಲ್ಲ. ಅದನ್ನು ಪರೀಕ್ಷಿಸುವ ದಾರಿ ಒಂದೇ: ಕರೆಯನ್ನು ಕಡಿದು, ಪಾಸ್‌ಪುಸ್ತಕದಲ್ಲೋ ಎಟಿಎಂ ಕಾರ್ಡಿನ ಹಿಂಬದಿಯಲ್ಲೋ ಇರುವ ಸಂಖ್ಯೆಯನ್ನು ನಾವೇ ಒತ್ತಿ ಕರೆ ಮಾಡುವುದು. ಆಗ 'ಇಂದ'ವು 'ಗೆ' ಆಗುತ್ತದೆ. ವಂಚಕನು ಠಾಣೆಯ ಸಂಖ್ಯೆಯನ್ನು ತೊಟ್ಟುಕೊಂಡು ಬರಬಲ್ಲ. ಆದರೆ ನಾವು ಆ ಸಂಖ್ಯೆಗೆ ಕರೆ ಮಾಡಿದಾಗ ಅದು ನಿಜವಾದ ಠಾಣೆಗೇ ಹೋಗುತ್ತದೆ. ಅವನೇ ಹೇಳಿಕೊಟ್ಟ ಸಂಖ್ಯೆಗೆ, ಅಥವಾ ಅಂತರ್ಜಾಲದಲ್ಲಿ ಹುಡುಕಿದಾಗ ಮೊದಲು ಸಿಕ್ಕಿದ 'ಗ್ರಾಹಕ ಸೇವೆ' ಸಂಖ್ಯೆಗೆ ಕರೆ ಮಾಡುವುದರಿಂದ ಮಾತ್ರ ಈ ಪರೀಕ್ಷೆ ಕೆಡುತ್ತದೆ. ಬ್ಯಾಂಕು, ವಿಮೆ ಮೊದಲಾದವುಗಳ ಸೇವಾ ಕರೆಗಳಿಗೆ 1600ರಿಂದ, ಪ್ರಚಾರದ ಕರೆಗಳಿಗೆ 140ರಿಂದ ಆರಂಭವಾಗುವ ಸಂಖ್ಯೆಗಳನ್ನು ನಿಗದಿಪಡಿಸಲಾಗಿದೆ. ಇದು ಉಪಯುಕ್ತ ಗುರುತು, ಆದರೂ ಗುರುತೇ.

ಕಾವ್ಯದಲ್ಲಿ ಹುಸಿ ದನಿ

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಈ ವಿಷಯ ಹೊಸದಾಗಿ ತೋರಬೇಕಾಗಿಲ್ಲ. ನಮ್ಮ ರಾಮಕಥೆಯ ತಿರುವು ನಿಂತಿರುವುದೇ ಒಂದು ಹುಸಿ ಕರೆಯ ಮೇಲೆ. ವಾಲ್ಮೀಕಿಯ ಹಾದಿಯಲ್ಲಿ ನಡೆಯುವ ತೊರವೆ ರಾಮಾಯಣದಂತಹ ಕಾವ್ಯಗಳಲ್ಲಿ ಮಾರೀಚನು ಸಾಯುವಾಗ ರಾಮನ ದನಿಯಲ್ಲಿ ಕೂಗುತ್ತಾನೆ. ಆ ದನಿ ಹುಸಿಯೆಂಬುದು ಲಕ್ಷ್ಮಣನಿಗೆ ಹೊಳೆಯದೆ ಇಲ್ಲ. ಅಣ್ಣನ ಸಾಮರ್ಥ್ಯವನ್ನು ಬಲ್ಲ ಅವನು ನಿಲ್ಲುತ್ತಾನೆ. ಅವನನ್ನು ಕದಲಿಸುವುದು ದನಿಯಲ್ಲ. ಸಂಶಯಪಟ್ಟವನ ಪ್ರೀತಿಯನ್ನೇ ಸಂಶಯಿಸುವ ಸೀತೆಯ ಕಟುಮಾತು. ಗಲ್ಫಿನಲ್ಲಿರುವ ಮಗ ಅಪಘಾತ ಮಾಡಿ ಸಿಕ್ಕಿಬಿದ್ದಿದ್ದಾನೆ, ಕೂಡಲೇ ಹಣ ಬೇಕು ಎಂಬ ಕರೆ ಬಂದಾಗ ಮನೆಯೊಳಗೆ ನಡೆಯುವುದೂ ಇದೇ. 'ಸ್ವಲ್ಪ ವಿಚಾರಿಸೋಣ' ಎಂದವರು ನಿರ್ದಯರಾಗಿ ಕಾಣುತ್ತಾರೆ. ಧ್ವನಿಯ ತುಣುಕೊಂದು ಸಿಕ್ಕರೆ ಅದೇ ಧ್ವನಿಯಲ್ಲಿ ಹೊಸ ವಾಕ್ಯಗಳನ್ನು ಹೇಳಿಸುವ ತಂತ್ರಾಂಶಗಳು ಇಂದು ಬಂದಿರುವುದರಿಂದ, ಮಾರೀಚನಿಗೆ ಬೇಕಾಗಿದ್ದ ಮಾಯೆಯೂ ಈಗ ಬೇಕಾಗಿಲ್ಲ.

ಜೈನ ರಾಮಕಥೆಯ ಪರಂಪರೆಯಲ್ಲಿ ಈ ಸಂದರ್ಭ ಇನ್ನಷ್ಟು ಕುತೂಹಲಕರ. ನಾಗಚಂದ್ರನ ಪಂಪರಾಮಾಯಣದ ಕಥೆಯಲ್ಲಿ ಹೊನ್ನಜಿಂಕೆಯಿಲ್ಲ. ಯುದ್ಧಕ್ಕೆ ಹೊರಟ ಲಕ್ಷ್ಮಣನು, ನೆರವು ಬೇಕಾದರೆ ಸಿಂಹನಾದ ಮಾಡುವೆನೆಂದು ಅಣ್ಣನೊಡನೆ ಸಂಕೇತವನ್ನು ಗೊತ್ತುಮಾಡಿಕೊಂಡಿರುತ್ತಾನೆ. ರಾವಣನು ವಿದ್ಯೆಯ ಬಲದಿಂದ ಆ ಸಂಕೇತವನ್ನು ಅರಿಯುತ್ತಾನೆ, ಹುಸಿ ಸಿಂಹನಾದ ಮೊಳಗುತ್ತದೆ, ರಾಮನು ಓಡುತ್ತಾನೆ. ಮಾರೀಚನ ಕಥೆ ದನಿಯ ಅನುಕರಣೆಯದಾದರೆ ಇದು ಸಂಕೇತದ ಕಳವಿನ ಕಥೆ. 'ನಿಮ್ಮ ಆಧಾರ್‌ನ ಕೊನೆಯ ನಾಲ್ಕು ಅಂಕೆಗಳು ಇವಲ್ಲವೇ, ನಿಮ್ಮ ತಂದೆಯ ಹೆಸರು ಇದಲ್ಲವೇ' ಎಂದು ಕರೆದವನು ಕೇಳಿದಾಗ ನಾವು ಬೆಚ್ಚುವುದು, ಈ ಮಾಹಿತಿ ಅಧಿಕೃತರಿಗೆ ಮಾತ್ರ ಗೊತ್ತಿರುತ್ತದೆಂದು ನಂಬಿರುವುದರಿಂದ. ಆ ಸಿಂಹನಾದ ಸೋರಿಹೋಗಿ ಬಹುಕಾಲವಾಗಿದೆ. ಮನೆಯವರೆಲ್ಲ ಸೇರಿ ಗುಟ್ಟಿನ ಮಾತೊಂದನ್ನು ಗೊತ್ತುಮಾಡಿಕೊಳ್ಳಿರಿ ಎಂಬ ಸಲಹೆಯನ್ನು ಇತ್ತೀಚೆಗೆ ಬಹಳ ಕಡೆ ಕೇಳುತ್ತೇವೆ. ಒಳ್ಳೆಯದೇ. ಆದರೆ ಪಂಪರಾಮಾಯಣ ಓದಿದವರು ಅದನ್ನೊಂದನ್ನೇ ನೆಚ್ಚಬಾರದು. ತಿರುಗಿ ಕರೆ ಮಾಡುವ ಸೌಲಭ್ಯ ರಾಮನಿಗಿರಲಿಲ್ಲ, ನಮಗಿದೆ.

ಇನ್ನೊಂದು ಮಾತನ್ನು ನಮ್ಮ ಯಕ್ಷಗಾನ ಕಲಿಸುತ್ತದೆ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿರುವ ಪಂಚವಟಿ ಪ್ರಸಂಗವನ್ನು ಬಯಲಿನಲ್ಲಿ ಕುಳಿತು ನೋಡುವ ಮಕ್ಕಳಿಗೂ ಬಂದ ಸನ್ಯಾಸಿ ರಾವಣನೆಂಬುದು ಗೊತ್ತು. ಗೊತ್ತಿಲ್ಲದವಳು ರಂಗದ ಮೇಲಿರುವ ಸೀತೆಯೊಬ್ಬಳೇ. ವೇಷ ಫಲಿಸಬೇಕಾದರೆ ಎದುರಿಗಿರುವವರು ಒಂಟಿಯಾಗಿರಬೇಕು. ಪ್ರೇಕ್ಷಕನೊಬ್ಬ ಬಾಯಿ ತೆರೆದರೂ ಅದು ಮುರಿಯುತ್ತದೆ. 'ಯಾರಿಗೂ ಹೇಳಬಾರದು, ಕೋಣೆಯ ಬಾಗಿಲು ಹಾಕಿಕೊಳ್ಳಿ' ಎಂದು ವಂಚಕನು ಮೊದಲಿಗೇ ಹೇಳುವುದು ಈ ಕಾರಣಕ್ಕೆ. ಪಕ್ಕದಲ್ಲಿ ಕುಳಿತ ಎರಡನೆಯ ವ್ಯಕ್ತಿ ಬುದ್ಧಿವಂತನಾಗಿರಬೇಕಾಗಿಲ್ಲ. ಪ್ರೇಕ್ಷಕನಾಗಿದ್ದರೆ ಸಾಕು.

ಕರ್ತೃವಿಲ್ಲದ ವಾಕ್ಯಗಳು

ಇನ್ನು ಕರೆಯ ಭಾಷೆಯನ್ನು ನೋಡೋಣ. ಕೆಳಗಿನದು ಪಾಠಕ್ಕಾಗಿ ಹೆಣೆದ ಮಾದರಿ. ಇಂತಹ ಕರೆಗಳ ಸಾಮಾನ್ಯ ಜಾಡನ್ನು ಇದು ಅನುಸರಿಸುತ್ತದೆ.

'ನಿಮ್ಮ ಹೆಸರಿನ ಪಾರ್ಸೆಲ್ ಒಂದನ್ನು ಮುಂಬಯಿ ಕಸ್ಟಮ್ಸ್‌ನಲ್ಲಿ ತಡೆಹಿಡಿಯಲಾಗಿದೆ. ಅದರಲ್ಲಿ ಮಾದಕ ವಸ್ತು ಪತ್ತೆಯಾಗಿದೆ. ನಿಮ್ಮ ಆಧಾರ್ ಬಳಸಿ ಖಾತೆ ತೆರೆಯಲಾಗಿದೆ. ನಿಮ್ಮ ಮೇಲೆ ಪ್ರಕರಣ ದಾಖಲಿಸಲಾಗಿದೆ. ಕರೆಯನ್ನು ಮೇಲಧಿಕಾರಿಗಳಿಗೆ ವರ್ಗಾಯಿಸಲಾಗುತ್ತಿದೆ. ವಿಚಾರಣೆ ಮುಗಿಯುವ ತನಕ ಕರೆ ಕಡಿಯುವಂತಿಲ್ಲ.'

ಆರು ವಾಕ್ಯಗಳು. ಒಂದರಲ್ಲೂ ಕರ್ತೃವಿಲ್ಲ. ತಡೆಹಿಡಿದವರು ಯಾರು, ಖಾತೆ ತೆರೆದವರು ಯಾರು, ದಾಖಲಿಸಿದವರು ಯಾರು, ಯಾವ ಠಾಣೆಯಲ್ಲಿ? ಆಡುಗನ್ನಡದಲ್ಲಿ ನಾವು ಕರ್ಮಣಿ ಪ್ರಯೋಗವನ್ನು ಬಳಸುವುದು ತೀರ ಕಡಿಮೆ. 'ಅನ್ನ ಬಡಿಸಲಾಗಿದೆ' ಎಂದು ಯಾವ ಮನೆಯಲ್ಲೂ ಹೇಳುವುದಿಲ್ಲ. ಕರ್ಮಣಿಯ ಈ ರೂಪ ನಮ್ಮ ಕಿವಿಗೆ ಬಿದ್ದಿರುವುದು ಆದೇಶ, ಸುತ್ತೋಲೆ, ನ್ಯಾಯಾಲಯದ ನೋಟಿಸುಗಳ ಮೂಲಕ. ಆದ್ದರಿಂದ 'ಲಾಗಿದೆ' ಎಂಬ ಅಂತ್ಯವನ್ನು ಕೇಳಿದೊಡನೆ ಅದರ ಹಿಂದೆ ಸರ್ಕಾರವಿದೆಯೆಂದು ಮನಸ್ಸು ತಾನೇ ತುಂಬಿಕೊಳ್ಳುತ್ತದೆ. ಕ್ರಿಯಾಪದಗಳ ಕಾಲವನ್ನೂ ಗಮನಿಸಬೇಕು. ಎಲ್ಲವೂ ನಡೆದುಹೋಗಿದೆ, ಇನ್ನು ಉಳಿದಿರುವುದು ಕೇಳುಗನ ಒಪ್ಪಿಗೆಯೊಂದೇ ಎಂಬ ಭಾವವನ್ನು ಆ 'ಇದೆ'ಗಳು ಕಟ್ಟುತ್ತವೆ. ಕೊನೆಯ ವಾಕ್ಯದ 'ಕಡಿಯುವಂತಿಲ್ಲ' ಇನ್ನೂ ಜಾಣತನದ್ದು. 'ಕಡಿಯಬೇಡಿ' ಎಂದಿದ್ದರೆ ಅದು ಒಬ್ಬ ಮನುಷ್ಯನ ಆಜ್ಞೆಯಾಗುತ್ತಿತ್ತು; ಆಜ್ಞೆಯನ್ನು ಮೀರಬಹುದು. 'ಕಡಿಯುವಂತಿಲ್ಲ' ಎಂದಾಗ ಅದು ಪ್ರಕೃತಿನಿಯಮದಂತೆ ಕೇಳಿಸುತ್ತದೆ.

ಸಂಬೋಧನೆಯ ಏರಿಳಿತವೂ ಹೀಗೆಯೇ. ಮೊದಲ ಕರೆಯವನು 'ತಾವು' ಎನ್ನುತ್ತಾನೆ. ಮೇಲಧಿಕಾರಿಯ ವೇಷದವನು 'ನೀನು' ಎನ್ನುತ್ತಾನೆ. ಮೂರನೆಯವನೊಬ್ಬ ಕರುಣೆಯಿಂದ 'ನೋಡಿ ಅಮ್ಮಾ, ನಿಮ್ಮ ವಯಸ್ಸಿನ ತಾಯಿ ನನಗೂ ಇದ್ದಾರೆ' ಎಂದು ಬಂದು ಹಣ ಕಳುಹಿಸುವ ದಾರಿ ತೋರಿಸುತ್ತಾನೆ. ಮೂವರೂ ಒಂದೇ ಚೌಕಿಯವರು.

ಹೀಗೆಂದ ಮಾತ್ರಕ್ಕೆ ಕರೆದವನೊಡನೆ ವಾದಕ್ಕಿಳಿಯಬೇಕೆಂದು ನಾನು ಹೇಳುತ್ತಿಲ್ಲ. ತಾಳಮದ್ದಳೆಯ ನಾಡಿನವರಾದ ನಮಗೆ ಎದುರಾಳಿಯನ್ನು ಮಾತಿನಲ್ಲಿ ಕಟ್ಟಿಹಾಕುವ ಚಪಲ ಸ್ವಲ್ಪ ಹೆಚ್ಚು. ಆದರೆ ಮಾತನಾಡುವುದು ಅವನ ದಿನದ ಉದ್ಯೋಗ. ನಮ್ಮ ಪ್ರತಿಯೊಂದು ಉತ್ತರವೂ ಅವನಿಗೆ ಹೊಸ ಮಾಹಿತಿ. ಕರ್ತೃವನ್ನು ಹುಡುಕುವ ಅಭ್ಯಾಸ ನಮ್ಮ ತಲೆಯೊಳಗೆ ನಡೆಯಲಿ; ಬಾಯಿಂದ ಮಾತು ಬೇಡ, ಕರೆ ಕಡಿದರೆ ಸಾಕು.

'ಬಂಧಿಸಿದ್ದೇನೆ' ಎಂಬ ಮಾತು

ಕೆಲವು ಮಾತುಗಳು ಸುದ್ದಿಯನ್ನು ಹೇಳುವುದಿಲ್ಲ, ಕೆಲಸವನ್ನೇ ಮಾಡುತ್ತವೆ ಎಂಬುದನ್ನು ಜೆ. ಎಲ್. ಆಸ್ಟಿನ್ 1955ರ ತಮ್ಮ ಹಾರ್ವರ್ಡ್ ಉಪನ್ಯಾಸಗಳಲ್ಲಿ ವಿವರಿಸಿದರು. 'ಸಭೆಯನ್ನು ಉದ್ಘಾಟಿಸುತ್ತೇನೆ' ಎಂದರೆ ಸಭೆ ಉದ್ಘಾಟನೆಯಾಯಿತು. ಆದರೆ ಅದಕ್ಕೆ ನಿಬಂಧನೆಗಳಿವೆ: ಹೇಳುವವರಿಗೆ ಅಧಿಕಾರವಿರಬೇಕು, ಸಂದರ್ಭ ಸರಿಯಾಗಿರಬೇಕು, ಕ್ರಮ ಪೂರ್ಣವಾಗಿರಬೇಕು. ದಾರಿಹೋಕನೊಬ್ಬ ಅದೇ ಮಾತನ್ನು ಹೇಳಿದರೆ ಏನೂ ಆಗುವುದಿಲ್ಲ. ಮಾತು ವಿಫಲವಾಗುತ್ತದೆ.

'ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಲಾಗಿದೆ' ಎಂಬುದು ಅಂತಹ ವಿಫಲ ಮಾತು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೆಯ ಕಲಮಿನಂತೆ ಬಂಧಿಸುವ ಅಧಿಕಾರಿಯು ವ್ಯಕ್ತಿಯ ದೇಹವನ್ನು ಮುಟ್ಟಿ ಅಥವಾ ತಡೆದು ಬಂಧಿಸಬೇಕು. ಆ ವ್ಯಕ್ತಿ ಮಾತಿನಿಂದಲೋ ಕ್ರಿಯೆಯಿಂದಲೋ ತಾನಾಗಿ ವಶಕ್ಕೆ ಒಪ್ಪಿಕೊಂಡರೆ ಮಾತ್ರ ಅದರ ಅಗತ್ಯವಿಲ್ಲ. ಅಧಿಕಾರಿಯ ಹೆಸರು ಸ್ಪಷ್ಟವಾಗಿ ಕಾಣುವಂತಿರಬೇಕು, ಬಂಧನದ ಪತ್ರವಿರಬೇಕು, ಅದಕ್ಕೆ ಸಾಕ್ಷಿಯ ಸಹಿ ಇರಬೇಕು ಎಂದು 36ನೆಯ ಕಲಮು ಹೇಳುತ್ತದೆ. ಹಾಜರಾಗಲು ಪೊಲೀಸರು ಕೊಡುವ ನೋಟಿಸನ್ನು ವಾಟ್ಸ್‌ಆಪ್ ಮೂಲಕ ಜಾರಿಮಾಡಬಾರದೆಂದು ಸರ್ವೋಚ್ಚ ನ್ಯಾಯಾಲಯವು 2025ರ ಜನವರಿಯಲ್ಲಿ ಸೂಚಿಸಿದೆ. ಡಿಜಿಟಲ್ ಅರೆಸ್ಟ್ ಎಂಬ ವ್ಯವಸ್ಥೆಯೇ ಕಾನೂನಿನಲ್ಲಿಲ್ಲವೆಂದು ಪ್ರಧಾನಮಂತ್ರಿಗಳು 2024ರ ಅಕ್ಟೋಬರ್ 27ರ ಬಾನುಲಿ ಭಾಷಣದಲ್ಲಿ ಹೇಳಿದರು.

ಹೀಗಿದ್ದೂ ಈ ಮಾತು ಕೆಲಸ ಮಾಡುವುದೇಕೆ? ಸಂದರ್ಭವನ್ನೇ ಅವರು ನಿರ್ಮಿಸಿಬಿಡುತ್ತಾರೆ. 2024ರಲ್ಲಿ ಲೂಧಿಯಾನದ ಹಿರಿಯ ಉದ್ಯಮಿಯೊಬ್ಬರ ಮುಂದೆ ವಿಡಿಯೊ ಕರೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ವಿಚಾರಣೆಯನ್ನೇ ಅಭಿನಯಿಸಿ 7 ಕೋಟಿ ರೂಪಾಯಿ ಕಿತ್ತುಕೊಳ್ಳಲಾಯಿತು. ಅಂಬಾಲದ ವೃದ್ಧ ದಂಪತಿಗೆ ನ್ಯಾಯಾಲಯದ ಖೋಟಾ ಆದೇಶಗಳನ್ನು ತೋರಿಸಿ ಉಳಿತಾಯದ ಹಣವನ್ನು ದೋಚಿದ ಬಳಿಕ, 2025ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡಿತು. ಇವರಾರೂ ಅನಕ್ಷರಸ್ಥರಲ್ಲ. ಮೋಸಹೋದವರನ್ನು ದಡ್ಡರೆಂದು ನಗುವವರು ಮುಂದಿನ ಬಲಿಯ ಬಾಯಿಯನ್ನು ಮುಚ್ಚಿಸುತ್ತಾರೆ. ನಾಚಿಕೆಗೆ ಅಂಜಿ ಮೂರು ದಿನ ಸುಮ್ಮನಿದ್ದವರ ಹಣ ಮತ್ತೆ ಸಿಗುವುದು ಬಲು ಕಷ್ಟ.

ಗಡಿಯ ಕನ್ನಡಿಗನ ಕಿವಿ

ಕಾಸರಗೋಡಿನವರಿಗೆ ಇಲ್ಲಿ ವಿಶೇಷವಾದ ಒಂದು ತೊಡಕಿದೆ. ಮನೆಮಾತು ತುಳುವೋ ಹವ್ಯಕ ಕನ್ನಡವೋ ಕೊಂಕಣಿಯೋ ಮರಾಠಿಯೋ ಬ್ಯಾರಿಯೋ ಇರಬಹುದು. ಶಾಲೆಯ ಭಾಷೆ ಕನ್ನಡ. ಕಚೇರಿಯ ಭಾಷೆ ಮಲಯಾಳ. ಬ್ಯಾಂಕಿನ ಸಂದೇಶ ಇಂಗ್ಲಿಷಿನಲ್ಲಿ ಬರುತ್ತದೆ, ದೆಹಲಿಯ ದನಿ ಹಿಂದಿಯಲ್ಲಿ. ಅಧಿಕಾರವು ತನ್ನದಲ್ಲದ ಭಾಷೆಯಲ್ಲಿಯೇ ಮಾತನಾಡುತ್ತದೆಂಬುದು ಗಡಿಯ ಕನ್ನಡಿಗನಿಗೆ ತಲೆಮಾರುಗಳ ಅನುಭವ. ಅಚ್ಚ ಹಿಂದಿಯಲ್ಲಿ ಗದರಿಸುವ ಕರೆ ಬಂದಾಗ 'ನಮ್ಮೂರ ಪೊಲೀಸರು ಹೀಗೇಕೆ ಮಾತನಾಡುತ್ತಾರೆ' ಎಂಬ ಪ್ರಶ್ನೆ ಅವನಿಗೆ ಏಳುವುದೇ ಇಲ್ಲ. ಪೂರ್ತಿ ಅರ್ಥವಾಗದ ಮಾತಿಗೆ ಮರ್ಯಾದೆಯಿಂದ 'ಹಾ ಸಾರ್' ಎನ್ನುವುದೂ ನಮಗೆ ರೂಢಿ. ವಂಚಕನಿಗೆ ಬೇಕಾದದ್ದು ಆ ಒಪ್ಪಿಗೆಯೇ. ನಿವೃತ್ತ ಕನ್ನಡ ಅಧ್ಯಾಪಕರೊಬ್ಬರು ನಲವತ್ತು ವರ್ಷ ತರಗತಿಯನ್ನು ಆಳಿದವರಾದರೂ, ಪ್ರಶ್ನೆ ಕೇಳುವ ಭಾಷೆ ಬಾಯಿಗೆ ಬಾರದಿದ್ದಾಗ ಶಿಷ್ಯರಂತೆ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಕನ್ನಡದಲ್ಲಿಯೇ ಉತ್ತರಿಸಿರಿ, ಅರ್ಥವಾಗದಿದ್ದರೆ ಕಡಿಯಿರಿ ಎಂದು ಹಿರಿಯರಿಗೆ ಹೇಳಿಕೊಡುವುದು ಒಳ್ಳೆಯದು. ಕನ್ನಡದಲ್ಲಿ ಮಾತನಾಡಿದವನು ನಮ್ಮವನು ಎಂದು ನಂಬುವುದು ಮಾತ್ರ ಅಷ್ಟೇ ಅಪಾಯ; ಭಾಷೆಯೂ ಒಂದು 'ಇಂದ'ವೇ.

ದೂರಿನ ಗದ್ಯ

ಹಣ ಹೋಗಿದ್ದರೆ ಮೊದಲು ಮಾಡಬೇಕಾದ ಕೆಲಸ 1930ಕ್ಕೆ ಕರೆ, ಜೊತೆಯಲ್ಲಿ ಬ್ಯಾಂಕಿಗೆ ಸುದ್ದಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುತ್ತಿರುವಾಗ, ದೂರಿನ ವಿವರ ಆಯಾ ಬ್ಯಾಂಕುಗಳಿಗೆ ತಲುಪಿದರೆ ಉಳಿದಿರುವಷ್ಟನ್ನು ತಡೆಹಿಡಿಯಬಹುದು. ಇಲ್ಲಿ ಗಂಟೆಗಳ ಲೆಕ್ಕವಿದೆ. ಗ್ರಾಹಕನೇ ಒಟಿಪಿ ಕೊಟ್ಟುಬಿಟ್ಟ ಪ್ರಕರಣದಲ್ಲಿಯೂ, ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟವನ್ನು ಬ್ಯಾಂಕೇ ಹೊರಬೇಕೆಂದು ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಹೇಳಿತ್ತು. ಹಣ ಹೋಗದೆ ಕರೆ ಮಾತ್ರ ಬಂದಿದ್ದರೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದ 'ಚಕ್ಷು' ವಿಭಾಗದಲ್ಲಿ ತಿಳಿಸಬಹುದು.

ಬರವಣಿಗೆಯ ದೂರನ್ನು ಕನ್ನಡದಲ್ಲಿ ಕೊಡಬಹುದೇ ಎಂಬ ಅಳುಕು ನಮ್ಮವರಲ್ಲಿದೆ. ಸಂವಿಧಾನದ 350ನೆಯ ಅನುಚ್ಛೇದದಂತೆ ಯಾವುದೇ ವ್ಯಕ್ತಿ ತನ್ನ ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದು. ಅಧಿಕೃತ ಭಾಷೆಗಳ ಕುರಿತ ಕೇರಳದ 1969ರ ಶಾಸನವೂ ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಅವಕಾಶವನ್ನು ಕೊಟ್ಟಿದೆ. ಮನೆಯಲ್ಲಿ ಕನ್ನಡವನ್ನು ಖಚಿತವಾಗಿ ಬರೆಯಬಲ್ಲವರು ಬಹುಮಟ್ಟಿಗೆ ನೀವೇ ಆಗಿರುವುದರಿಂದ ಈ ಹೊಣೆ ನಿಮ್ಮ ಮೇಲೆ ಬರುತ್ತದೆ.

ಆ ಗದ್ಯದಲ್ಲಿ ಅಲಂಕಾರ ಬೇಡ, ಅಳಲೂ ಬೇಡ. ದಿನ, ಗಂಟೆ, ಮೊತ್ತ, ವ್ಯವಹಾರದ ಸಂಖ್ಯೆ, ಹಣ ಹೋದ ಖಾತೆ ಇವು ಕ್ರಮವಾಗಿ ಬರಲಿ. 'ಕರೆ ಮಾಡಿದವರ ಸಂಖ್ಯೆ' ಎಂದು ಬರೆಯದೆ 'ಪರದೆಯಲ್ಲಿ ತೋರಿದ ಸಂಖ್ಯೆ' ಎಂದು ಬರೆಯಬೇಕು. ಆ ಸಂಖ್ಯೆಯ ನಿಜವಾದ ಒಡೆಯರು ಇದಾವುದನ್ನೂ ಅರಿಯದ ಯಾರೋ ಒಬ್ಬರಾಗಿರಬಹುದು. ತಮ್ಮ ಸಂಖ್ಯೆಯನ್ನು ವೇಷವಾಗಿ ಬಳಸಲಾಗಿದೆಯೆಂಬುದು ಅವರಿಗೆ ತಿಳಿಯುವುದು, ಊರೂರುಗಳಿಂದ ಬೈಗುಳದ ಕರೆಗಳು ಬರತೊಡಗಿದ ಮೇಲೆ. 'ಪೊಲೀಸರು ಹೇಳಿದರು' ಎಂದು ಬರೆಯುವ ಬದಲು 'ಪೊಲೀಸರೆಂದು ಹೇಳಿಕೊಂಡವರು ಹೇಳಿದರು' ಎಂದು ಬರೆಯಬೇಕು.

ಅಭ್ಯಾಸ: ಮೇಲೆ ಕೊಟ್ಟ ಮಾದರಿ ಕರೆಯ ಆರು ವಾಕ್ಯಗಳನ್ನು ಕರ್ತರಿ ಪ್ರಯೋಗಕ್ಕೆ ಪರಿವರ್ತಿಸಿರಿ. ಕರ್ತೃಪದ ಸಿಗದೆ ಪೆನ್ನು ನಿಲ್ಲುವ ಕಡೆಗಳಲ್ಲಿ ಖಾಲಿ ಜಾಗ ಬಿಡಿರಿ. ಬಳಿಕ ಅದನ್ನು ಮನೆಯ ಹಿರಿಯರಿಗೆ, ಅವರ ಮನೆಮಾತಿನಲ್ಲಿಯೇ, ಓದಿ ಹೇಳಿ, ಖಾಲಿ ಜಾಗಗಳಲ್ಲಿ ಅವರು ಯಾರ ಹೆಸರನ್ನು ತುಂಬುತ್ತಾರೆಂದು ಬರೆದುಕೊಂಡು ಮುಂದಿನ ತರಗತಿಗೆ ಬನ್ನಿರಿ.